ವೋಲಾದಲ್ಲಿ ಸಂಜೆ ಐದು ಗಂಟೆ

ಐದು ಗಂಟೆಗೆ ಇನ್ನೂ ಕಾಲು ತಾಸಿತ್ತು. ಕೆಳಗಿನ ಮನೆಯ ಅಜ್ಜಿ ಅಡುಗೆಮನೆಯ ಗೂಡಿನಲ್ಲಿದ್ದ ಎನಾಮಲ್ ಲೋಟದೊಳಗಿಂದ ಬೆಂಕಿಪೊಟ್ಟಣ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಲೋಟದ ಅಂಚಿನ ನೀಲಿ ಬಣ್ಣ ಕಿತ್ತುಹೋಗಿ ಕಪ್ಪು ತಗಡು ಕಾಣುತ್ತಿತ್ತು. "ಬಾ, ಹೊತ್ತಾಯಿತು" ಅಂದರು. ನನಗೆ ಅರ್ಥವಾಗುತ್ತಿದ್ದ ಪೋಲಿಷ್ ಅಷ್ಟೇ. ಉಳಿದದ್ದನ್ನು ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಅದು 2019ರ ಆಗಸ್ಟ್ 1. ಕೆಲಸದ ಮೇಲೆ ಪೋಲೆಂಡಿನ ರಾಜಧಾನಿ ವಾರ್ಸಾಗೆ ಬಂದು ಐದು ತಿಂಗಳಾಗಿತ್ತು, ಮನೆ ಸಿಕ್ಕಿದ್ದು ವೋಲಾ ಬಡಾವಣೆಯಲ್ಲಿ. ಆಫೀಸಿಗೆ ಹೋಗುವ ದಾರಿಯಲ್ಲಿ ಗೋಡೆಗಳಿಗೆ ಅಂಟಿದಂತೆ ಶಿಲುಬೆ ಕೆತ್ತಿದ ಬೂದು ಕಲ್ಲುಗಳು ಕಾಣುತ್ತಿದ್ದವು. ಯಾರದೋ ಸಮಾಧಿ ಇರಬೇಕು ಅಂದುಕೊಂಡು ದಿನವೂ ಅವುಗಳ ಮುಂದೆಯೇ ನಡೆದುಹೋಗಿದ್ದೆ.

ವೋಲ್ಸ್ಕಾ ರಸ್ತೆ ತಲುಪುವಷ್ಟರಲ್ಲಿ ಸೈರನ್ ಮೊಳಗಿತು. ಬರುತ್ತಿದ್ದ ಟ್ರಾಮ್ ನಡುದಾರಿಯಲ್ಲೇ ನಿಂತಿತು. ಕಾರಿನವರು ಬಾಗಿಲು ತೆಗೆದು ಇಳಿದು ನಿಂತರು. ಸೈಕಲ್ ಮೇಲಿದ್ದ ಹುಡುಗನೊಬ್ಬ ಒಂದು ಕಾಲು ನೆಲಕ್ಕೂರಿ ತಲೆಯ ಟೋಪಿ ತೆಗೆದ. ಒಂದು ನಿಮಿಷ ಆ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. 1944ರಲ್ಲಿ ಇದೇ ದಿನ, ಇದೇ ಹೊತ್ತಿಗೆ, ಭೂಗತ ಸೇನೆಯಾದ ಆರ್ಮಿಯಾ ಕ್ರಯೋವಾ ಊರನ್ನು ಹಿಡಿದಿದ್ದ ಜರ್ಮನರ ಮೇಲೆ ದಂಗೆ ಎದ್ದದ್ದು. ಕೈಯಲ್ಲಿ ಸರಿಯಾದ ಬಂದೂಕಿಲ್ಲದವರೇ ಹೆಚ್ಚು. ರಷ್ಯದ ಸೇನೆ ವಿಸ್ತುಲಾ ನದಿಯ ಆಚೆ ದಡದ ಹತ್ತಿರಕ್ಕೆ ಬಂದಿತ್ತು. ಅದು ಊರೊಳಗೆ ಬರುವ ಮೊದಲೇ ತಮ್ಮ ರಾಜಧಾನಿಯನ್ನು ತಾವೇ ಬಿಡಿಸಿಕೊಳ್ಳಬೇಕೆಂಬ ಹಟ. ನೆರವು ಬರಬೇಕಾದಂತೆ ಬರಲಿಲ್ಲ. 63 ದಿನ ಕಾದಾಡಿ ಅಕ್ಟೋಬರ್ 2ರಂದು ಶರಣಾದರು.

ಸೈರನ್ ನಿಂತ ಮೇಲೆ ಅಜ್ಜಿ ಒಂದು ಬೂದು ಕಲ್ಲಿನ ಮುಂದೆ ಮೆಲ್ಲಗೆ ಕೂತರು. ಇಲ್ಲಿಯವರು ಸಮಾಧಿಗೆ ಹಚ್ಚುವ ದೀಪಕ್ಕೆ ಝ್ನಿಚ್ ಅನ್ನುತ್ತಾರೆ: ಕೆಂಪು ಗಾಜಿನ ಭರಣಿ, ಒಳಗೆ ಮೇಣ, ಮೇಲೆ ತೂತಿರುವ ತಗಡಿನ ಮುಚ್ಚಳ. ಗಾಳಿಗೆ ಎರಡು ಕಡ್ಡಿ ಆರಿದವು. ನಾನು ಅಂಗೈ ಅಡ್ಡ ಹಿಡಿದೆ, ಮೂರನೆಯದು ಹತ್ತಿತು. ಕಲ್ಲಿನ ಮೇಲಿನ ಅಕ್ಷರಗಳನ್ನು ಮೊಮ್ಮಗಳು ಓದಿದಳು: ತಾಯ್ನಾಡಿನ ಬಿಡುಗಡೆಗಾಗಿ ಮಡಿದವರ ರಕ್ತದಿಂದ ಪವಿತ್ರವಾದ ಜಾಗ. ಇಂಥ ಫಲಕಗಳ ಮಾದರಿಯನ್ನು ಶಿಲ್ಪಿ ಕರೋಲ್ ತ್ಖೋರೆಕ್ 1949ರಲ್ಲಿ ಮಾಡಿದ್ದಂತೆ. ದಂಗೆಯ ಮೊದಲ ವಾರದಲ್ಲೇ, ಮುಖ್ಯವಾಗಿ ಆಗಸ್ಟ್ 5ರಿಂದ 7ರೊಳಗೆ, ಜರ್ಮನ್ ಪಡೆಗಳು ವೋಲಾದಲ್ಲಿ ಮನೆಮನೆ ನುಗ್ಗಿ ಜನರನ್ನು ಹೊರಗೆಳೆದು ಗುಂಡಿಕ್ಕಿದವು. 40ರಿಂದ 50 ಸಾವಿರ ಜನ ಸತ್ತರೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ನಾನು ಐದು ತಿಂಗಳಿಂದ ತರಕಾರಿ ಕೊಳ್ಳುತ್ತಿದ್ದ ಬೀದಿಗಳು ಇವೇ.

ಆಗ ಅಜ್ಜಿಗೆ ಆರು ವರ್ಷ. ನೆಲಮಾಳಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದವರನ್ನು ಜರ್ಮನರು ಮೇಲೆ ಕರೆದರು, ಅಂಗಳದಲ್ಲಿ ಗಂಡಸರನ್ನು ಬೇರೆ ನಿಲ್ಲಿಸಿದರು. ಅಪ್ಪನನ್ನು ಕಂಡದ್ದು ಅದೇ ಕೊನೆ. ತಾಯಿ, ಮಗಳು ಇಬ್ಬರನ್ನೂ ವೋಲ್ಸ್ಕಾ ರಸ್ತೆಯ ಸಂತ ವೊಯ್ಚೆಹ್ ಚರ್ಚಿಗೆ ತಳ್ಳಿದರು, ಅಲ್ಲಿಂದ ಪ್ರುಷ್ಕುವ್ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮಾಡಿದ್ದ ಶಿಬಿರಕ್ಕೆ. ಸೋದರಮಾವ ದಂಗೆಗೆ ಸೇರಿದ್ದ, ಹತ್ತೊಂಬತ್ತರ ಹುಡುಗ. ಅವನೂ ಬರಲಿಲ್ಲ.

"ಅಮ್ಮ ಸಾಯುವವರೆಗೂ ಸಿಟ್ಟಾಗಿದ್ದಳು" ಅಂದರು ಅಜ್ಜಿ. ಜರ್ಮನರ ಮೇಲಿನ ಸಿಟ್ಟು ಹೇಳಬೇಕಾದದ್ದೇ ಅಲ್ಲ. ಗೆಲ್ಲಲಾಗದ ಹೊತ್ತಿನಲ್ಲಿ ಹುಡುಗರಿಗೆ ಹೊರಡಿ ಎಂದು ಆಜ್ಞೆ ಕೊಟ್ಟ ತಮ್ಮವರೇ ದೊಡ್ಡವರ ಮೇಲಿನ ಸಿಟ್ಟು ಅದು. ಮನೆಯಲ್ಲಿ ಮಾವಂದಿರೊಡನೆ ಇದೇ ಮಾತಿಗೆ ಜಗಳ. ಆದರೆ ಪ್ರತಿ ಆಗಸ್ಟ್ 1ಕ್ಕೆ ತಮ್ಮನ ಹೆಸರಿನಲ್ಲಿ ಮೊದಲು ದೀಪ ಹಚ್ಚುತ್ತಿದ್ದವಳೂ ಅವಳೇ. ಯುದ್ಧ ಮುಗಿದ ಮೇಲೆ ಬಂದ ಕಮ್ಯುನಿಸ್ಟ್ ಸರ್ಕಾರ ಆ ಸೇನೆಯವರನ್ನೇ ಹಿಡಿದು ಜೈಲಿಗೆ ಹಾಕಿದಾಗ, ತಮ್ಮನ ಹೆಸರನ್ನು ಜೋರಾಗಿ ಹೇಳುವಂತೆಯೂ ಇರಲಿಲ್ಲ. ದಂಗೆಗೆಂದೇ ದೊಡ್ಡ ಮ್ಯೂಸಿಯಂ ಇದೇ ವೋಲಾದಲ್ಲಿ ತೆರೆದದ್ದು 2004ರಲ್ಲಿ. ಅಷ್ಟು ಹೊತ್ತಿಗೆ ಆಕೆ ಇರಲಿಲ್ಲ.

ದಂಗೆ ಸರಿಯೋ ತಪ್ಪೋ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ. ಸಿಟ್ಟು, ದೀಪ ಎರಡನ್ನೂ ಒಬ್ಬಳೇ ತಾಯಿ ಹೊತ್ತಿದ್ದಳಲ್ಲ, ಅದರ ಮುಂದೆ ನನ್ನ ಪ್ರಶ್ನೆ ತೀರಾ ಅಗ್ಗ ಅನ್ನಿಸಿತು.

ಮನೆಗೆ ಮರಳುವಾಗ ನಾನು ವಳಿವಡೆಯ ಸುದ್ದಿ ಹೇಳಿದೆ. ನಮ್ಮ ನಿಪ್ಪಾಣಿಯ ಆಚೆ, ಕೊಲ್ಲಾಪುರದ ಮಗ್ಗುಲಲ್ಲಿ, 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ, ಬಹುಪಾಲು ಹೆಂಗಸರು ಮಕ್ಕಳು, ಶಿಬಿರದಲ್ಲಿದ್ದರು. ಪೋಲೆಂಡಿನ ಪೂರ್ವ ಭಾಗವನ್ನು ಸೋವಿಯತ್ ಸೇನೆ ಹಿಡಿದ ಮೇಲೆ ಸೈಬೀರಿಯದಂಥ ಕಡೆಗೆ ಗಡೀಪಾರಾಗಿ, ಇರಾನ್ ಮೂಲಕ ಬದುಕಿ ಬಂದವರು. ಅಜ್ಜಿ ನಡೆಯುವುದನ್ನು ನಿಲ್ಲಿಸಿ, "ನಿಮ್ಮೂರಿಂದ ಎಷ್ಟು ದೂರ?" ಎಂದು ಕೇಳಿದರು. "ಬಸ್ಸಿನಲ್ಲಿ ಒಂದು ತಾಸು" ಅಂದೆ. ನನ್ನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.

ಒಳಗೆ ಬಂದವರೇ ಬೆಂಕಿಪೊಟ್ಟಣವನ್ನು ಮತ್ತೆ ಆ ಲೋಟದೊಳಗಿಟ್ಟರು. ಅಂಗಳಕ್ಕೆ ಕರೆದ ದಿನ ಅವರ ಕೈಯಲ್ಲಿ ಅದೇ ಲೋಟವಿತ್ತು, ನೆಲಮಾಳಿಗೆಯಲ್ಲಿ ನೀರು ಕುಡಿಯುತ್ತಿದ್ದರಂತೆ. ಪ್ರುಷ್ಕುವ್ ಶಿಬಿರದವರೆಗೂ ಬಿಡಲಿಲ್ಲ. ನಮಗೆ ಚಹಾ ಮಾಡಿದರು, ಬೇರೆ ಲೋಟಗಳಲ್ಲಿ.