ಹದಿನೆಂಟು ಸಾಲಿನಲ್ಲಿ ಉಳಿದದ್ದು ಒಂದು

ಲೈಬ್ರರಿಗೆ ವಾಪಸ್ ಕೊಟ್ಟ ‘ಮೈಸೂರು ಮಲ್ಲಿಗೆ’ಯೊಳಗೆ ನನ್ನ ಪ್ರೇಮಪತ್ರ ಉಳಿದುಬಿಟ್ಟಿತ್ತು. ಇದು 1994ರ ಮಾತು. ನಾನು ಬಿ.ಎ. ಎರಡನೇ ವರ್ಷ. ನಮ್ಮೂರು ಆಗ ಇನ್ನೂ ಬಿಜಾಪುರ. ಪತ್ರ ನೆನಪಾದದ್ದು ರಾತ್ರಿ ಊಟಕ್ಕೆ ಕೂತಾಗ. ರೊಟ್ಟಿ ಗಂಟಲಲ್ಲೇ ನಿಂತಿತು.

ಮರುದಿನ ಕನ್ನಡ ಸರ್ ಸ್ಟಾಫ್ ರೂಮಿಗೆ ಕರೆಸಿದರು. ಟೇಬಲ್ ಮೇಲೆ ನನ್ನ ಪತ್ರ. ಅದರ ತುಂಬ ಕೆಂಪು ಶಾಯಿ.

‘ಇದು ನಿಂದೇನು ತಮ್ಮಾ?’

‘ಹೌದ್ರಿ ಸರ್.’

‘ಎಲ್ಲೈತಿ? ಇದರಾಗ ನಿಂದು ಒಂದೇ ಸಾಲು ಐತಿ.’

ಹದಿನೆಂಟು ಸಾಲಿನ ಪತ್ರ. ಹದಿನೇಳಕ್ಕೆ ಅಡಿಗೆರೆ ಬಿದ್ದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: ‘ಕೆ.ಎಸ್.ನ.’, ‘ಸಿನಿಮಾ’, ‘ಇದೂ ಸಿನಿಮಾ’. ‘ಹ್ರುದಯ’ ಅಂತ ಬರೆದಿದ್ದೆ, ಅದನ್ನೂ ತಿದ್ದಿದ್ದರು. ಗೆರೆ ಬೀಳದೆ ಉಳಿದ ಸಾಲು ಇದು: ‘ಕಂಡಕ್ಟರ್ ಚಿಲ್ಲರೆ ಕೊಡುವ ತನಕ ನೀನು ಟಿಕೆಟ್ ಹಲ್ಲಲ್ಲಿ ಹಿಡಿದುಕೊಂಡಿರುತ್ತಿ.’ ಇಂಡಿ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಕಂಬಿಗೆ. ಟಿಕೆಟ್ ಇನ್ನೆಲ್ಲಿ ಇಡಬೇಕು, ಅಲ್ವಾ?

‘ಇದನ್ನ ನೀ ಕಂಡೀದಿ. ಉಳಿದದ್ದೆಲ್ಲಾ ಓದೀದಿ’ ಅಂದರು ಸರ್. ಬೈಯಲಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಪುಸ್ತಕದ ಹೆಸರು ಬರೆದು ಕೊಟ್ಟರು.

ಮೊದಲನೆಯದು ‘ಗರತಿಯ ಹಾಡು’. ನನಗೆ ಸಿಟ್ಟೇ ಬಂತು. ಪ್ರೀತಿ ಮಾಡುವ ಹುಡುಗನಿಗೆ ಬೀಸುವ ಕಲ್ಲಿನ ಹಾಡು ಯಾಕೆ? ನಮ್ಮದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅವು. 1931ರಲ್ಲಿ ಪುಸ್ತಕವಾದವು. ಊರಿಗೆ ಹೋದಾಗ ಅಜ್ಜಿಗೆ ಎರಡು ಸಾಲು ಓದಿ ಹೇಳಿದೆ. ಮೂರನೆಯದನ್ನು ಅವಳೇ ಹಾಡಿದಳು. ಆಮೇಲೆ ಪುಸ್ತಕ ಇಸಕೊಂಡು ತಿರುವಿ ನೋಡಿದಳು. ಓದು ಬರದ ಹೆಂಗಸು. ‘ಇದರಾಗ ರಾಗ ಎಲ್ಲಿ ಬರದಾರೋ?’ ಅಂದಳು. ಅಜ್ಜನ ಹೆಸರನ್ನು ಅವಳು ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ. ‘ನಮ್ಮ ಮನ್ಯಾವ್ರು’ ಅಷ್ಟೇ. ಆದರೆ ಆ ಹಾಡುಗಳಲ್ಲಿ ಗಂಡ, ತವರು, ಅಣ್ಣ, ಹೊಟ್ಟೆಯ ಕೂಸು ಎಲ್ಲರೂ ಇದ್ದಾರೆ. ನನ್ನ ಪತ್ರದಲ್ಲಿ ಚಂದ್ರ ಜಾಸ್ತಿ ಇದ್ದ, ಆ ಹುಡುಗಿ ಕಡಿಮೆ ಇದ್ದಳು.

ಎರಡನೆಯದು ಸ್ಟೆಂಡಾಲ್ ಎಂಬ ಫ್ರೆಂಚ್ ಲೇಖಕ ಪ್ರೀತಿಯ ಬಗ್ಗೆ 1822ರಲ್ಲಿ ಪ್ರಕಟಿಸಿದ ಪುಸ್ತಕ. ಮಿಲಾನಿನ ಮಟಿಲ್ಡೆ ಎಂಬಾಕೆ ಅವನಿಗೆ ಒಲಿಯಲಿಲ್ಲ. ಆ ಸಂಕಟದಲ್ಲಿ ಬರೆದದ್ದು. ಅದರಲ್ಲೊಂದು ಉಪ್ಪಿನ ಗಣಿಯ ಮಾತು ಬರುತ್ತದೆ. ಸಾಲ್ಸ್‌ಬರ್ಗ್ ಹತ್ತಿರದ ಗಣಿಯಲ್ಲಿ ಒಣ ಟೊಂಗೆಯೊಂದನ್ನು ಎಸೆದು ಎರಡು ಮೂರು ತಿಂಗಳು ಬಿಟ್ಟು ತೆಗೆದರೆ, ಮೈತುಂಬ ಉಪ್ಪಿನ ಹರಳು ಕಟ್ಟಿ ವಜ್ರದ ಹಾಗೆ ಹೊಳೆಯುತ್ತದಂತೆ. ಟೊಂಗೆ ಕಾಣುವುದೇ ಇಲ್ಲ. ಪ್ರೀತಿಸುವವನ ಮನಸ್ಸೂ ಹೀಗೆಯೇ ಕೆಲಸ ಮಾಡುತ್ತದೆ ಅನ್ನುತ್ತಾನೆ. ನನ್ನ ಹದಿನೇಳು ಸಾಲು ಆ ಉಪ್ಪು. ಇದನ್ನು ಸರ್ ಹೇಳಿಕೊಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನನಗೇ ಹೊಳೆದು, ಸ್ವಲ್ಪ ನಾಚಿಕೆಯೂ ಆಯಿತು.

ಎರಿಕ್ ಫ್ರಾಮ್ ಎಂಬ ಮನಃಶಾಸ್ತ್ರಜ್ಞ 1956ರಲ್ಲಿ ಬರೆದ ಪುಸ್ತಕ ಮೂರನೆಯದು. ‘ಪ್ರೀತಿಸುವ ಕಲೆ’ ಅನ್ನೋಣ. ಸಣ್ಣದು, ಆದರೆ ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದು ತಿಂಗಳು ಓದಿದೆ. ನಮ್ಮನ್ನು ಯಾರು ಪ್ರೀತಿಸುತ್ತಾರೆ ಅನ್ನುವುದೇ ಎಲ್ಲರ ಚಿಂತೆ, ನಮಗೆ ಪ್ರೀತಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ ಅನ್ನುತ್ತಾನೆ. ಕಾಳಜಿ, ಹೊಣೆ, ಗೌರವ, ಅರಿವು ಎಂದು ನಾಲ್ಕು ಹೇಳುತ್ತಾನೆ. ಗೌರವಕ್ಕೆ ಇಂಗ್ಲಿಷಿನಲ್ಲಿ ‘ರೆಸ್ಪೆಕ್ಟ್’ ಅನ್ನುತ್ತೀವಲ್ಲ, ಅದರ ಲ್ಯಾಟಿನ್ ಮೂಲದ ಅರ್ಥ ‘ನೋಡು’ ಎಂದಂತೆ. ಎದುರಿನವರನ್ನು ಅವರು ಇದ್ದ ಹಾಗೇ ನೋಡುವುದು. ಅಲ್ಲಿ ಪೆನ್ಸಿಲ್‌ನಿಂದ ‘ಟಿಕೆಟ್’ ಅಂತ ಬರೆದೆ. ಲೈಬ್ರರಿ ಪುಸ್ತಕ, ತಪ್ಪೇ.

ನಾಲ್ಕನೆಯದು ಗ್ರಹಾಂ ವಾಲಸ್ ಎಂಬಾತನ 1926ರ ಪುಸ್ತಕ. ಹೊಸದು ಹುಟ್ಟುವುದು ಹೇಗೆ ಎಂಬ ವಿಚಾರ. ನಿಜ ಹೇಳಬೇಕಂದ್ರೆ ಪೂರ್ತಿ ಓದಲಿಲ್ಲ. ಮೊದಲು ತಯಾರಿ, ಆಮೇಲೆ ಸುಮ್ನೆ ಬಿಡುವುದು, ಆಮೇಲೆ ಹೊಳೆಯುವುದು, ಕೊನೆಗೆ ಒರೆಗೆ ಹಚ್ಚುವುದು. ‘ಸುಮ್ನೆ ಬಿಡೂದು ಅಂದ್ರ ಏನ್ರಿ ಸರ್?’ ಅಂತ ಕೇಳಿದೆ. ‘ಹಾಲಿಗೆ ಹೆಪ್ಪ ಹಾಕಿ ತಾಸಿಗೊಮ್ಮೆ ಅಲ್ಲಾಡಿಸಿದ್ರ ಮೊಸರ ಆಗ್ತೈತೇನೋ?’ ಅಂದರು.

ಒಂದು ಭಾನುವಾರ ಸರ್ ನಮ್ಮ ನಾಲ್ಕೈದು ಮಂದಿಯನ್ನು ಇಬ್ರಾಹಿಂ ರೋಜಾಕ್ಕೆ ಕರೆದೊಯ್ದರು. ಗೋಲಗುಮ್ಮಟಕ್ಕೆ ಹೋಗಿ ಕೂಗಾಡುವುದು ನಮಗೆ ರೂಢಿ. ಇಲ್ಲಿ ಕೂಗಲು ಏನೂ ಇಲ್ಲ, ಸುಮ್ನೆ ಕೂತೆವು. ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಬರೆದ ಸುಲ್ತಾನ. ದಖನಿ ಭಾಷೆಯ ಹಾಡುಗಳು. ಸರಸ್ವತಿಯನ್ನೂ ನೆನೆಯುತ್ತಾನೆ, ಕಲಬುರ್ಗಿಯ ಸೂಫಿ ಸಂತ ಬಂದೇನವಾಜರನ್ನೂ ನೆನೆಯುತ್ತಾನೆ. ತನ್ನ ಆನೆ ಆತಶ್ ಖಾನ್, ತಂಬೂರಿ ಮೋತಿ ಖಾನ್ ಇಬ್ಬರ ಮೇಲೂ ಹಾಡು ಕಟ್ಟಿದ್ದಾನೆ. ‘ಸುಲ್ತಾನ ಆದ್ರೂ ತಂಬೂರಿಗೆ ಹೆಸರಿಟ್ಟ ನೋಡ್ರೋ. ಹಂಗ ಇರಬೇಕು ಪ್ರೀತಿ’ ಅಂದರು. ಅವರು ಒಲವಿನ ಬಗ್ಗೆ ನೇರವಾಗಿ ಹೇಳಿದ್ದು ನನಗೆ ನೆನಪಿರುವಂತೆ ಇದೊಂದೇ ಮಾತು.

ಮುಂದೆ ಬಿ.ಎಡ್.ನಲ್ಲಿ ಮನಃಶಾಸ್ತ್ರ ಓದುವಾಗ ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಮಂಡಿಸಿದ ಪ್ರೀತಿಯ ತ್ರಿಕೋನ ಸಿಕ್ಕಿತು. ಆಪ್ತತೆ, ಸೆಳೆತ, ಬದ್ಧತೆ. ಒಳ್ಳೆಯದೇ. ಆದರೆ ಅಜ್ಜಿಯ ಮೂರು ಸಾಲಿನ ಮುಂದೆ ಆ ಮೂರು ಮೂಲೆ ನನಗೆ ಸಪ್ಪೆ ಅನ್ನಿಸಿದವು.

ಪತ್ರ ಆ ಹುಡುಗಿಗೆ ಮುಟ್ಟಲಿಲ್ಲ. ಒಂದೇ ಸಾಲು ಹೇಗೆ ಕೊಡುವುದು? ಇನ್ನಷ್ಟು ಸಾಲು ಹುಟ್ಟಲಿ ಎಂದು ಕಾದೆ. ಅಷ್ಟರಲ್ಲಿ ಪರೀಕ್ಷೆ ಮುಗಿದು, ಅವಳು ಬಸ್ಸಿಗೆ ಬರುವುದೂ ನಿಂತಿತು.

ಹೋದ ವರ್ಷ ಮನೆಗೆ ಸುಣ್ಣ ಹಚ್ಚಿಸುವಾಗ ಟ್ರಂಕಿನಲ್ಲಿ ಆ ಹಾಳೆ ಸಿಕ್ಕಿತು. ನನಗಲ್ಲ, ಹೆಂಡತಿಗೆ. ಕೆಂಪು ಗೆರೆಗಳನ್ನೆಲ್ಲ ನಿಧಾನ ಓದಿದಳು.

‘ಹಲ್ಲಾಗ ಟಿಕೆಟ್ ಹಿಡಿದಾಕಿ ಯಾರ್ರೀ?’

‘ಅದು ನಮ್ಮ ಸರ್ ತಿದ್ದಿದ ಪೇಪರು’ ಅಂದೆ.

‘ಹೌದಾ? ಎಷ್ಟು ಮಾರ್ಕ್ಸ್ ಬಿದ್ದಿದ್ದುವು?’