ಅಂಟಿಸಿದ ಲಕೋಟೆ, ಒಂಬತ್ತನೇ ಪ್ರಶ್ನೆ

ಸಂಜೆ 5:50. ನಮ್ಮ ಸ್ಟಡಿಗೆ ಡೇಟಾ ಎಂಟ್ರಿ ಮಾಡುವ ಹುಡುಗಿ ಒಂದು ಫಾರ್ಮ್ ಹಿಡಿದು ಬಂದು, “ಸರ್, ಇದರಾಗ ಒಂಬತ್ತಕ್ಕ ಎರಡು ಹಾಕ್ಯಾರ್ರಿ” ಅಂದಳು. ಒಟ್ಟು ಎಷ್ಟು ಅಂತ ಕೇಳಿದೆ. “ಎಂಟು ಆಗೈತ್ರಿ. ಶೀಟಿನ್ಯಾಗ ಕೆಂಪು ಬಂದಿಲ್ಲ.” ಎಂಟೇ ತಾನೇ ಅಂತ ಒಂದು ಕ್ಷಣ ನಿರಾಳವಾದೆ. ಆ ನಿರಾಳ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಪಿಎಚ್‌ಕ್ಯೂ-9 ಅಂದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗನಿಸಿತು ಅಂತ ಕೇಳುತ್ತದೆ; ಒಂದೊಂದು ಪ್ರಶ್ನೆಗೆ 0ಯಿಂದ 3, ಒಟ್ಟು 27. 10 ಮುಟ್ಟಿದರೆ ಮುಂದಿನ ತಪಾಸಣೆ ಎನ್ನುವುದು ವಾಡಿಕೆಯ ಗೆರೆ. ನಮ್ಮ ಎಕ್ಸೆಲ್ ಶೀಟೂ 10ಕ್ಕೇ ಕೆಂಪಾಗುತ್ತಿತ್ತು. ಆದರೆ ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ, ಅದಕ್ಕೆ ಒಟ್ಟು ಅಂಕದ ಹಂಗಿಲ್ಲ. ಉಳಿದ ಎಂಟಕ್ಕೂ ಸೊನ್ನೆ ಹಾಕಿ ಇದೊಂದಕ್ಕೆ 1 ಹಾಕಿದ್ದರೂ ಆ ವ್ಯಕ್ತಿ ಎದ್ದು ಹೋಗುವ ಮುಂಚೆ ಮಾತಾಡಿಸಲೇಬೇಕು. ಈ ಫಾರ್ಮ್ ಬರೆದದ್ದು ಬೆಳಗ್ಗೆ 11ಕ್ಕೆ. ಸುಮಾರು ಏಳು ತಾಸು ಅದು ಚೀಲದಲ್ಲಿತ್ತು, ಜೀಪಿನಲ್ಲಿತ್ತು, ನಾವು ಗಿರಮಿಟ್ ತಿನ್ನುವಾಗ ಪಕ್ಕದ ಬೆಂಚಿನ ಮೇಲಿತ್ತು.

ಯಾಕೆ ಯಾರೂ ನೋಡಲಿಲ್ಲ? ಲಕೋಟೆ ಅಂಟಿಸಿದ್ದೆವು. ಅಂಟಿಸುವ ಐಡಿಯಾ ನನ್ನದೇ.

ಸ್ಟಡಿ ಇದ್ದದ್ದು ಗಂಡ-ಹೆಂಡಿರಲ್ಲಿ ಒಬ್ಬರಿಗೆ ಶುಗರ್ ಇರುವ ಮನೆಗಳ ಮೇಲೆ, ಹುಬ್ಬಳ್ಳಿ ಮತ್ತು ಕುಂದಗೋಳದ ಕಡೆ. ಗುಳಿಗೆ ತಪ್ಪುವುದಕ್ಕೂ ಮನೆಯೊಳಗಿನ ಮಾತುಕತೆಗೂ ಏನು ಸಂಬಂಧ ಅನ್ನುವುದು ವಿಷಯ. ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಜಾರಿಕೊಳ್ಳುವುದು: ಈ ಮಾದರಿಯ ಮೇಲೆ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೆನ್ಸನ್ ಮತ್ತು ಹೀವಿ 1990ರಲ್ಲಿ ಬರೆದದ್ದು ನಮ್ಮ ಕಡೆ ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ಆಕೆ “ಗುಳಿಗಿ ನುಂಗಿದ್ರ್ಯಾ?” ಅಂತ ಮೂರನೇ ಸಲ ಕೇಳುತ್ತಾಳೆ, ಆತ ಚಪ್ಪಲಿ ಮೆಟ್ಟಿಕೊಂಡು ಹನುಮಪ್ಪನ ಗುಡಿ ಕಟ್ಟೆಗೆ ಹೋಗುತ್ತಾನೆ. ಆತ ಎದ್ದು ಹೋದಷ್ಟೂ ಆಕೆಯ ದನಿ ಏರುತ್ತದೆ, ದನಿ ಏರಿದಷ್ಟೂ ಆತ ಕಟ್ಟೆ ಬಿಟ್ಟು ಬರುವುದಿಲ್ಲ. ಯಾರದು ಕಾರಣ, ಯಾರದು ಪರಿಣಾಮ ಎಂದು ಒಂದೇ ಭೇಟಿಯಲ್ಲಿ ಹೇಳಲಾಗದು. ಅದಕ್ಕೇ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಒಂದೇ ಹೊತ್ತಿಗೆ, ಇಬ್ಬರು ಸಂದರ್ಶಕರಿಂದ ಕೇಳಿಸಬೇಕು. ಒಬ್ಬರದು ಮುಗಿಸಿ ಇನ್ನೊಬ್ಬರದು ಶುರು ಮಾಡಿದರೆ ಮೊದಲಿನವರು ಅಡುಗೆಮನೆ ಬಾಗಿಲಲ್ಲೇ ಉತ್ತರ ಹೇಳಿಕೊಟ್ಟಿರುತ್ತಾರೆ.

ಬೇರೆ ಕೂರಿಸಿದರೂ ಹಳ್ಳಿಮನೆಯಲ್ಲಿ ಎಷ್ಟು ದೂರ? ಪಡಸಾಲೆಯಿಂದ ನಡುಮನೆಗೆ ಆರು ಹೆಜ್ಜೆ. ಶುರುವಿನ ಮನೆಗಳಲ್ಲಿ ಗಂಡ ಬಂದು “ಏನ್ ಬರದಿ ನೋಡೂಣು” ಅಂತ ಕೈಚಾಚಿದ್ದುಂಟು, ಹೆಂಡತಿ ಅತ್ತೆಯ ಮುಖ ನೋಡಿ ಎಲ್ಲಕ್ಕೂ ಸೊನ್ನೆ ಹಾಕಿದ್ದುಂಟು. ಆಗ ಬಂತು ಲಕೋಟೆ. ಓದು ಬರುವವರು ತಾವೇ ತುಂಬಿ, ಕಂದು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಗೀಟು ಹಾಕಿ ಕೊಡಬೇಕು. ಉತ್ತರಗಳು ತಕ್ಷಣ ಬದಲಾದವು, ಸೊನ್ನೆಗಳು ಕಮ್ಮಿಯಾದವು. ಮೀಟಿಂಗಿನಲ್ಲಿ ನನ್ನ ಬೆನ್ನು ತಟ್ಟಿದರು.

ಓದು ಬರದವರಿಗೆ ನಾವೇ ಬಾಯಲ್ಲಿ ಕೇಳುತ್ತಿದ್ದೆವು. “ಎರಡು ವಾರ” ಅಂದರೆ ತಿಳಿಯುವುದಿಲ್ಲ, “ಹದಿನೈದ ದಿನ” ಅಂದರೆ ಅವರು ಅಮಾಸಿ-ಹುಣ್ಣಿಮೆಯ ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಹದಿನಾಲ್ಕು ಕಡಲೆ ಕಾಳು. ಹಂಗ ಅನಿಸಿದ ದಿನಕ್ಕೊಂದು ಕಾಳು ಈಚೆ ಸರಿಸಬೇಕು: 0–1 ಆದರೆ ಸೊನ್ನೆ, 2–6 ಆದರೆ ಒಂದು, 7–11 ಆದರೆ ಎರಡು, 12–14 ಆದರೆ ಮೂರು. ಹೀಗೆ ಕೇಳಿದವರಲ್ಲಿ ಒಂಬತ್ತನೇ ಪ್ರಶ್ನೆಗೆ ಒಂದು ಕಾಳು ಅಲ್ಲಾಡಿದರೂ ಸಂದರ್ಶಕಿ ಅಲ್ಲೇ ಪೆನ್ನು ಕೆಳಗಿಟ್ಟು ಮಾತಾಡುತ್ತಿದ್ದಳು. ಅಕ್ಷರ ಬಾರದವರಿಗೆ ಕಾವಲಿತ್ತು. ಅಕ್ಷರ ಬಂದವರ ಉತ್ತರವನ್ನು ನಾವು ಗೋಂದು ಹಚ್ಚಿ ಮುಚ್ಚಿದೆವು.

ಮತ್ತೆ ಆ 5:50ಕ್ಕೆ. ಫಾರ್ಮಿನ ಮೇಲೆ ಐಡಿ ಮಾತ್ರ. ಹೆಸರು, ಫೋನ್ ಇರುವ ಲಿಂಕ್ ಲಾಗ್ ಬೇರೆ ಕಪಾಟಿನಲ್ಲಿ, ಎಥಿಕ್ಸ್ ಕಮಿಟಿ ಹೇಳಿದಂತೆ ಬೀಗ ಹಾಕಿ. ಬೀಗದ ಕೈ ಪಿಐ, ಅಂದರೆ ಸ್ಟಡಿಯ ಮುಖ್ಯ ಸಂಶೋಧಕರ ಹತ್ತಿರ. ಪಿಐ ಬೆಂಗಳೂರಿಗೆ ಹೋಗುವ ರೈಲಿನಲ್ಲಿ. ಗೋಪ್ಯತೆ ಹೇಗೆ ಕಾಯುತ್ತೀರಿ ಅಂತ ಕಮಿಟಿಯವರು ಎರಡು ಸಲ ಬರೆಸಿಕೊಂಡಿದ್ದರು. ಸಂಜೆ ಆರಕ್ಕೆ ಕಪಾಟು ತೆಗೆಯುವವರು ಯಾರು ಅಂತ ಅವರೂ ಕೇಳಲಿಲ್ಲ, ನಾವೂ ಬರೆಯಲಿಲ್ಲ. ರೈಲಿಗೆ ನೆಟ್‌ವರ್ಕ್ ಸಿಕ್ಕು ಪಿಐ “ಒಡೀರಿ” ಅನ್ನುವ ಹೊತ್ತಿಗೆ 6:25. ಜವಾನ ಸುತ್ತಿಗೆ ಹುಡುಕಿ ತಂದ.

ಕಪಾಟು ತೆಗೆದರೆ ಇನ್ನೊಂದು ಗೋಡೆ. ಫಾರ್ಮ್ ತುಂಬಿದ್ದ ಹೆಂಗಸಿನ ಹೆಸರಿನ ಮುಂದೆ ಇದ್ದ ನಂಬರು ಗಂಡನದು. ದಾಂಪತ್ಯದ ಸ್ಟಡಿ; ನಿಮ್ಮ ಉತ್ತರ ಮನೆಯವರಿಗೆ ತಿಳಿಯುವುದಿಲ್ಲ ಅಂತ ಬೆಳಗ್ಗೆಯಷ್ಟೇ ಹೇಳಿ ಬಂದಿದ್ದೇವೆ. ಈಗ ಆತನಿಗೇ ಫೋನ್ ಹಚ್ಚಿ “ನಿಮ್ಮ ಮನಿಯಾಕಿಗೆ ಕೊಡ್ರಿ, ಅರ್ಜೆಂಟ್ ಐತಿ” ಅನ್ನುವುದೇ? ಜೀವಕ್ಕೆ ಅಪಾಯ ಇದ್ದಾಗ ಗೋಪ್ಯತೆ ಮುರಿಯಬಹುದು ಅಂತ ಒಪ್ಪಿಗೆ ಪತ್ರದಲ್ಲೇ ಇದೆ. ಆದರೆ ಅಪಾಯ ಎಷ್ಟು ಅನ್ನುವುದೇ ಗೊತ್ತಿಲ್ಲ. ಅದು ಪ್ರಶ್ನೆಯ ದೋಷವೂ ಹೌದು: ಸತ್ತಿದ್ದರೇ ಚೆನ್ನಾಗಿತ್ತು ಅನಿಸುವುದು, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅನಿಸುವುದು, ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿದ್ದಾರೆ. ಯಾವುದಕ್ಕೆ 2 ಹಾಕಿದಳು ಅಂತ ಫಾರ್ಮ್ ನೋಡಿ ಹೇಳಲಾಗದು.

ಹತ್ತು ನಿಮಿಷ ಜಗಳಾಡಿದೆವು. ಕೊನೆಗೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಉತ್ತರದ ವಿಷಯ ಎತ್ತದೆ, “ಅಕ್ಕಾರ, ಬೆಳಿಗ್ಗಿ ಫಾರ್ಮಿನ ಬಗ್ಗೆ ಅವರ ಕೂಡ ಒಂದೆರಡು ಮಾತು ಆಡೋದೈತ್ರಿ, ನಿಮ್ಮ ಫೋನಿನಿಂದ ಮಾತಾಡಸ್ರಿ” ಅಂತ ಕೇಳಿಕೊಂಡೆವು. ಆಕೆ ಮೆಣಸಿನಕಾಯಿ ಬಿಡಿಸಲು ಹೋದವಳು ಇನ್ನೂ ಬಂದಿಲ್ಲ ಅಂತ ಉತ್ತರ ಬಂತು. ಕತ್ತಲಾಗಿತ್ತು. ಮುಂದಿನ ಇಪ್ಪತ್ತು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

7:05ಕ್ಕೆ ಫೋನ್ ಬಂತು. ಮಾತಾಡಿದ್ದು ನಮ್ಮ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ. ಮೊದಲ ಪ್ರಶ್ನೆ, ಪಕ್ಕದಲ್ಲಿ ಯಾರಾದರೂ ಇದ್ದಾರಾ, ‘ಹೂಂ’ ‘ಇಲ್ಲ’ ಅಷ್ಟೇ ಅಂದರೂ ಸಾಕು. ಆಮೇಲೆ ನೇರವಾಗಿ: ಸಾಯಬೇಕು ಅನಿಸುತ್ತದಾ, ಸಾಯುವ ಯೋಚನೆ ಬಂದಿದೆಯಾ, ಹೇಗೆ ಅಂತ ಯೋಚಿಸಿದ್ದೀರಾ, ಮಾಡಬೇಕೆಂಬ ಮನಸ್ಸಿದೆಯಾ, ತಯಾರಿ ಏನಾದರೂ ಆಗಿದೆಯಾ, ಹಿಂದೆ ಯಾವತ್ತಾದರೂ ಪ್ರಯತ್ನ ಆಗಿತ್ತಾ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎನ್ನುವುದು ಸುಳ್ಳು ಭಯ. ಹೊಸ ಸಂದರ್ಶಕರು ಇಲ್ಲೇ ತೊದಲುತ್ತಾರೆ, “ಅಂಥಾದ್ದೇನ ಇಲ್ಲಲ್ರಿ?” ಅಂತ ಕೇಳಿಬಿಡುತ್ತಾರೆ. ಹಾಗೆ ಕೇಳಿದರೆ ಎದುರಿನವರು “ಇಲ್ಲ” ಅನ್ನಲೇಬೇಕಾಗುತ್ತದೆ.

“ಸಾಯಬೇಕಂತಲ್ರಿ, ಸಾಕಾಗೈತಿ” ಅಂದಳು. ಅಷ್ಟಕ್ಕೆ ನಿಲ್ಲಿಸಬಾರದು. ನಮ್ಮ ಕಡೆ ‘ಸಾಕಾಗೈತಿ’ಯ ಒಳಗೆ ಏನು ಬೇಕಾದರೂ ಇರುತ್ತದೆ. ಮೇಡಂ ಪಟ್ಟಿ ಪೂರ್ತಿ ಮುಗಿಸಿದರು. ದಾರಿಯ ಯೋಚನೆ ಇಲ್ಲ, ತಯಾರಿ ಇಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿ ಇದೆಯಾ ಅಂತಲೂ ಕೇಳಿದರು. ಇತ್ತು. ಅದನ್ನು ಬೀಗದೊಳಗೆ ಇಡಿಸುವ ಮಾತು, ಆಕೆಯೇ ಹೆಸರು ಹೇಳಿದ ತಂಗಿಯ ನಂಬರು, 14416 ಟೆಲಿ ಮಾನಸ್ ಸಹಾಯವಾಣಿ, ಮರುದಿನ ಬೆಳಗ್ಗೆ ಭೇಟಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ಆಕೆಯ ಜೊತೆಗೆ ಹೋಗುವುದು, ಇಷ್ಟನ್ನೂ ಅಲ್ಲೇ ಬರೆದುಕೊಂಡೆವು. ಆಮೇಲಿನದು ಆಕೆಯ ವಿಷಯ, ಇಲ್ಲಿ ಬರೆಯುವುದಲ್ಲ.

ಮರುವಾರದ ಮೀಟಿಂಗಿನಲ್ಲಿ ಮೇಲಿನವರೊಬ್ಬರು ಪಿಎಚ್‌ಕ್ಯೂ-8 ಹಾಕಿಬಿಡಿ, ಒಂಬತ್ತನೇ ಪ್ರಶ್ನೆಯೇ ಇರುವುದಿಲ್ಲ, ತಂಟೆಯೂ ಇಲ್ಲ ಅಂದರು. ಉತ್ತರಿಸಿದವರನ್ನು ಮತ್ತೆ ತಲುಪಲು ದಾರಿಯೇ ಇಲ್ಲದ ದೊಡ್ಡ ಸರ್ವೆಗಳಿಗೆ ಅದು ಸರಿಯಾದ ಆಯ್ಕೆಯೇ. ಮನೆಯ ಒಳಗೆ ಕೂತು ದಾಂಪತ್ಯದ ಬಗ್ಗೆ ಎರಡು ತಾಸು ಕೆದಕುವವರು ಇದೊಂದನ್ನು ಬಿಟ್ಟರೆ ಹೇಡಿತನ. ಟ್ಯಾಬ್ ಕೊಡಿ, ಒಂಬತ್ತಕ್ಕೆ ಸೊನ್ನೆ ಬಿಟ್ಟು ಏನು ಒತ್ತಿದರೂ ಸಂದರ್ಶಕಿಗೆ ಅಲ್ಲೇ ಗೊತ್ತಾಗುತ್ತದೆ ಅಂತ ನಾವು ಮೊದಲೇ ಕೇಳಿದ್ದೆವು. ಬಜೆಟ್ ಹೆಡ್ ಇಲ್ಲ ಅಂದಿದ್ದರು, ಈಗಲೂ ಅದನ್ನೇ ಅಂದರು.

ಈಗ ಲಕೋಟೆ ಇದೆ, ಒಂಬತ್ತನೇ ಪ್ರಶ್ನೆ ಅದರ ಜೊತೆ ಬೇರೆ ಚೀಟಿಯಲ್ಲಿ. ಸಂದರ್ಶಕಿ ಅದನ್ನು ನೋಡಿಯೇ ಲಕೋಟೆಗೆ ಗೋಂದು ಹಚ್ಚಬೇಕು. ನೋಡುತ್ತೇನೆ ಅಂತ ಮೊದಲೇ ಹೇಳಿರಬೇಕು, ಕದ್ದು ನೋಡುವಂತಿಲ್ಲ. ಹೇಳಿದ್ದರಿಂದ ಕೆಲವರು ಮತ್ತೆ ಸೊನ್ನೆ ಹಾಕುತ್ತಾರೆ, ಆ ನಷ್ಟ ಗೊತ್ತಿದ್ದೇ ಒಪ್ಪಿದ್ದೇವೆ. ಒಪ್ಪಿಗೆ ಪತ್ರದಲ್ಲಿ ಮೂರು ಸಾಲು ಸೇರಿವೆ: ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಬೇರೆಯವರು ಎತ್ತಿದರೆ ನಾವು ಯಾರು ಅಂತ ಹೇಳಬೇಕು. ಮೂರನೆಯದಕ್ಕೆ ಬರುವ ಉತ್ತರಗಳನ್ನೇ ಕೋಡ್ ಮಾಡಿದರೆ ಒಂದು ಪೇಪರ್ ಆದೀತು. “ಸಂಘದವರು ಅನ್ರಿ” ಅನ್ನುವವರೇ ಬಹಳ. ಸಂಜೆ ಫೀಲ್ಡ್‌ನಿಂದ ಬಂದ ಚೀಲ ಅಂದೇ ಬಿಚ್ಚಬೇಕು, ಶುಕ್ರವಾರ ಇಂಟರ್ವ್ಯೂ ಬೇಡ, ಶನಿವಾರ-ಭಾನುವಾರ ಫೋನ್ ಎತ್ತುವವರಿಲ್ಲ.

ಒಡೆದ ಬೀಗದ ಜಾಗಕ್ಕೆ ಹೊಸದು ಬಂತು, ಎರಡು ಕೈಗಳ ಸಮೇತ. ಎರಡನೇ ಕೈ ಯಾರ ಹತ್ತಿರ ಇರಬೇಕು ಅನ್ನುವ ಫೈಲು ಇನ್ನೂ ಮೇಲಿಂದ ಇಳಿದಿಲ್ಲ. ಅಲ್ಲಿಯವರೆಗೆ ಎರಡೂ ಪಿಐ ಹತ್ತಿರವೇ ಇವೆ.