ಸಿಸೇರಿಯನ್ ಹೊಲಿಗೆಯ ಗುಳಿ ರಿಪೇರಿ ಆದ ಮೇಲಿನ ಬಸುರು

ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಗರ್ಭಕೋಶದ ಗೋಡೆ ಒಳಗಿನಿಂದ ಗುಳಿಬಿದ್ದಿದ್ದರೆ ಡಾಕ್ಟರು ಅದನ್ನು ‘ನಿಶ್’ ಅಥವಾ ‘ಇಸ್ತ್ಮೋಸೀಲ್’ ಅನ್ನುತ್ತಾರೆ. ಮುಟ್ಟು ಮುಗಿದ ಮೇಲೂ ಕೆಲವು ದಿನ ಕಂದು ಬಣ್ಣದ ಕಲೆ ಕಾಣುವುದು ಇದರ ಸಾಮಾನ್ಯ ಗುರುತು.

ರಿಪೇರಿ ಆಗಿದೆ ಅನ್ನುವುದಷ್ಟೇ ಸಾಲದು, ಯಾವ ರಿಪೇರಿ ಎಂದು ಗೊತ್ತಿರಬೇಕು. ಹಿಸ್ಟರೋಸ್ಕೋಪಿಯಲ್ಲಿ (ಯೋನಿಯ ಮೂಲಕ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ಮಾಡುವ ಚಿಕಿತ್ಸೆ) ಗುಳಿಯ ಅಂಚನ್ನು ಕೆತ್ತಿ ಸಮ ಮಾಡುತ್ತಾರೆ. ರಕ್ತ ಅಲ್ಲಿ ನಿಲ್ಲುವುದು ತಪ್ಪುತ್ತದೆ, ಆದರೆ ಗೋಡೆ ದಪ್ಪವಾಗುವುದಿಲ್ಲ. ಅದಕ್ಕೇ ಗುಳಿಯ ಜಾಗದಲ್ಲಿ ಉಳಿದಿರುವ ಸ್ನಾಯು ಸುಮಾರು 3 ಮಿಲಿಮೀಟರ್‌ಗಿಂತ ತೆಳುವಾಗಿದ್ದು ಇನ್ನೊಂದು ಮಗು ಬೇಕೆನ್ನುವವರಿಗೆ ಹೆಚ್ಚಾಗಿ ಲ್ಯಾಪರೋಸ್ಕೋಪಿ (ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ನೋಡುತ್ತಾ ಮಾಡುವ ಆಪರೇಷನ್) ಮಾಡುತ್ತಾರೆ. ಮೂತ್ರಕೋಶವನ್ನು ಬಿಡಿಸಿ ಕೆಳಕ್ಕೆ ಸರಿಸಿ, ಗಡುಸಾದ ಹಳೆಯ ಕಲೆಯನ್ನು ಕತ್ತರಿಸಿ ತೆಗೆದು, ಒಳ್ಳೆಯ ಸ್ನಾಯುವಿನ ಅಂಚುಗಳನ್ನು ಕರಗುವ ದಾರದಿಂದ, ಸಾಮಾನ್ಯವಾಗಿ ಎರಡು ಪದರದಲ್ಲಿ ಹೊಲಿಯುತ್ತಾರೆ. ಈ ಹೊಲಿಗೆ ಮಾಗಬೇಕು. ಬಹಳಷ್ಟು ಡಾಕ್ಟರು ಸುಮಾರು 6 ತಿಂಗಳು ಗರ್ಭ ಬೇಡ ಅನ್ನುತ್ತಾರೆ. ಮತ್ತೆ ಗರ್ಭಕ್ಕೆ ಪ್ರಯತ್ನಿಸುವ ಮುಂಚೆ ಒಳಗಿನ ಸ್ಕ್ಯಾನ್ (ಯೋನಿಯ ಮೂಲಕ ಮಾಡುವ ಸ್ಕ್ಯಾನ್) ಮಾಡಿಸಿ ಗೋಡೆಯ ದಪ್ಪ ಬರೆಸಿಕೊಳ್ಳಿ. ಗರ್ಭಕೋಶದೊಳಗೆ ಸಲೈನ್ (ಉಪ್ಪುನೀರು) ತುಂಬಿಸಿ ಸ್ಕ್ಯಾನ್‌ನಲ್ಲಿ ನೋಡಿದರೆ ಗುಳಿ ಉಳಿದಿದೆಯೋ ಇಲ್ಲವೋ ಸ್ಪಷ್ಟವಾಗುತ್ತದೆ.

ಮುಟ್ಟು ತಪ್ಪಿದರೆ 6–7ನೇ ವಾರದಲ್ಲೇ ಒಳಗಿನ ಸ್ಕ್ಯಾನ್ ಆಗಲೇಬೇಕು. ಇಲ್ಲಿ ಎದೆಬಡಿತಕ್ಕಿಂತ ಮೊದಲು ಕೇಳಬೇಕಾದ್ದು ಗರ್ಭ ಎಲ್ಲಿ ಕೂತಿದೆ ಅನ್ನುವುದು. ಹಳೆಯ ಗಾಯದೊಳಗೇ ಕೂತ ಗರ್ಭ ಎಷ್ಟೋ ಸಲ ನೋವನ್ನೂ ಕೊಡದೆ, ರಕ್ತಸ್ರಾವವೂ ಇಲ್ಲದೆ ಬೆಳೆಯುತ್ತದೆ. ಅದನ್ನು ‘ಗರ್ಭ ಕೆಳಗೆ ಜಾರುತ್ತಿದೆ, ಅಬಾರ್ಷನ್ ಆಗುತ್ತಿದೆ’ ಎಂದು ತಪ್ಪಾಗಿ ತಿಳಿದು ಸುಮ್ಮನೆ ಡಿ ಅಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ತೆಗೆಯುವುದು) ಮಾಡಿಬಿಟ್ಟರೆ ನಿಲ್ಲಿಸಲಾಗದಷ್ಟು ರಕ್ತ ಹೋಗಬಹುದು. ತಿಂಗಳು ಕಳೆದಷ್ಟೂ ಈ ಗುರುತು ಹಿಡಿಯುವುದು ಕಷ್ಟ. 12ನೇ ವಾರದ ಸ್ಕ್ಯಾನ್‌ವರೆಗೆ ಕಾಯುವುದು ಇವರಿಗೆ ಸರಿಯಲ್ಲ.

18–20ನೇ ವಾರದಲ್ಲಿ ಮಾಸು ಮುಂದುಗಡೆ ಕೆಳಗೆ, ಹೊಲಿಗೆಯ ಮೇಲೇ ಇದ್ದರೆ ಅದು ಗೋಡೆಗೆ ಬೇರು ಬಿಟ್ಟಿದೆಯೇ ಎಂದು ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ನೋಡಿಸಬೇಕು.

ಹೆರಿಗೆ ಸಾಮಾನ್ಯವಾಗಿ ಸಿಸೇರಿಯನ್ನೇ, ಅದೂ ನೋವು ಶುರುವಾಗುವ ಮುಂಚೆ, ಹೆಚ್ಚಿನವರಿಗೆ 37–38ನೇ ವಾರದಲ್ಲಿ. ಹೊಲಿಗೆಯ ಜಾಗದಲ್ಲಿ ಬಿಡದ ನೋವು, ರಕ್ತ, ತಲೆಸುತ್ತು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಬಂದರೂ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೊರಡಿ.

ತವರಿಗೆ ಹೋಗುವವರು ಡಿಸ್ಚಾರ್ಜ್ ಸಮರಿಯ ಜೊತೆಗೆ ಆಪರೇಷನ್ ನೋಟ್ಸಿನ ಪ್ರತಿಯನ್ನೂ ಕೇಳಿ ಪಡೆಯಿರಿ. ಸಮರಿಯಲ್ಲಿ ಎಷ್ಟೋ ಸಲ ಬರೀ ‘ರಿಪೇರಿ’ ಎಂದಿರುತ್ತದೆ. ಎಷ್ಟು ಪದರ ಹೊಲಿದರು, ಆಗ ಗೋಡೆ ಎಷ್ಟು ತೆಳುವಾಗಿತ್ತು ಅನ್ನುವುದು ಸಾಮಾನ್ಯವಾಗಿ ನೋಟ್ಸಿನಲ್ಲಿ ಸಿಗುತ್ತದೆ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಅದನ್ನು ಎದ್ದು ಕಾಣುವಂತೆ ಬರೆಸಿ.